ಖಾಲಿ ಶೆಡ್ಡಿಗೆ ಬಂದ ಮಳೆ

ಸೊಸೆಯಾದವಳು ಅತ್ತೆಯ ಬಗ್ಗೆ ಬಾಯಿ ತೆರೆದರೆ ಕೇಳುವವರು ಅರ್ಧಕ್ಕರ್ಧ ಕಳೆದೇ ಕೇಳುತ್ತಾರೆ. ನೀವೂ ಬೇಕಾದಷ್ಟು ಕಳೆಯಿರಿ, ನನ್ನದೇನೂ ತಕರಾರಿಲ್ಲ. ಈ ಯಶೋಧರಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಿಕೋಟಾದ ನಮ್ಮ ಓಣಿಗೆಲ್ಲ ಗೊತ್ತು. ಆದರೆ ನಮ್ಮತ್ತೆ ಸಾವಂತ್ರವ್ವನಿಗೆ ಏನೋ ಆಗಿದೆ ಎಂದು ಮೊದಲು ಕಂಡವಳು ನಾನು. ಅದಕ್ಕೇ ಹೇಳುತ್ತಿದ್ದೇನೆ.

ಅತ್ತೆಯ ಕೆಲಸ ಒಣದ್ರಾಕ್ಷಿ ಶೆಡ್ಡಿನಲ್ಲಿ. ವಿಜಯಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ಶಿವಶರಣಪ್ಪ ಸಾವ್ಕಾರರ ಶೆಡ್ಡು ಇದೆ. ಬಬಲೇಶ್ವರದ ಕಡೆಯ ಅವರ ತೋಟದಿಂದ ಹಸಿ ದ್ರಾಕ್ಷಿ ಬಂದಿಳಿದರೆ ಹೆಣ್ಣಾಳುಗಳು ಅದನ್ನು ಔಷಧಿ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಬಿಗಿದ ಬಲೆಯ ಅಟ್ಟಗಳಲ್ಲಿ ಹರಡುತ್ತಾರೆ. ಶೆಡ್ಡಿಗೆ ಮಾಡು ಮಾತ್ರ, ಗೋಡೆಯಿಲ್ಲ. ಗಾಳಿ ಆಡಬೇಕಲ್ಲ! ಸುತ್ತಲೂ ತಾಡಪತ್ರಿಗಳನ್ನು ಸುರುಳಿ ಸುತ್ತಿ ಮೇಲೆ ಕಟ್ಟಿರುತ್ತಾರೆ. ಕಾಳು ಒಣಗುತ್ತಿರುವಾಗ ಒಂದು ಇರಚಲು ಒಳಗೆ ಹೊಡೆಯಿತೆಂದರೆ ಎಲ್ಲ ಕಪ್ಪಾಗಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಗತಿ. ಮಾರ್ಚಿನಲ್ಲಿ ನಮ್ಮ ಕಡೆ ಅಡ್ಡಮಳೆ ಯಾವಾಗ ಬರುತ್ತದೋ ಯಾರೂ ಹೇಳಲಾರರು. ಗಾಳಿ ತಿರುಗಿತು ಅನ್ನುವುದರೊಳಗೆ ಓಡಿಹೋಗಿ ಹಗ್ಗ ಬಿಚ್ಚಿ ತಾಡಪತ್ರಿ ಇಳಿಸಬೇಕು.

ಈ ಕೆಲಸದಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಉಳಿದವರು ಊಟವಾದ ಮೇಲೆ ನೆರಳಲ್ಲಿ ಅಡ್ಡಾದರೆ ಇವಳು ಮುಗಿಲು ನೋಡುತ್ತ ಕೂತಿರುತ್ತಿದ್ದಳು. ಗಾಳಿಯ ಸದ್ದು ಚೂರು ಬದಲಾದರೆ ತುತ್ತು ಬಿಟ್ಟು ಏಳುವಳು. ಸಾವ್ಕಾರರು ಬಂದವರೆದುರಿಗೆಲ್ಲ ಹೇಳಿದ್ದೇ ಹೇಳಿದ್ದು: "ಸಾವಂತ್ರವ್ವ ಇದ್ಲಂದ್ರ ನಾ ಆರಾಮ ಮಲಗತೇನಿ ನೋಡ್ರಿ. ನನ್ನ ಪಾಲಿನ ಚಿಂತಿನೂ ಆಕಿನ ಮಾಡತಾಳ." ಹಂಗಾಮು ಮುಗಿದ ದಿನ ಎಲ್ಲರೆದುರು ಕರೆದು ಅವಳಿಗೊಂದು ಇಳಕಲ್ಲ ಸೀರೆ ಕೊಟ್ಟರು. ಅವಳು ಹಿಗ್ಗಿದಳು, ಮನೆಯವರೆಲ್ಲ ಹಿಗ್ಗಿದೆವು. ಬೇನೆಗೆ ಸೀರೆ ಕೊಟ್ಟು ಸನ್ಮಾನ ಮಾಡಿದ ಊರು ನಮ್ಮದೊಂದೇ ಇರಬೇಕು.

ಚಿಂತೆ ಅಂದರೇನು ಅಂತ ನನಗೆ ಗೊತ್ತಿಲ್ಲವೆಂದಲ್ಲ. ನಾನು ದಿನಾ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗಿ ಜೋರಾಪುರ ಪೇಟೆಯ ಸೀರೆ ಅಂಗಡಿಯಲ್ಲಿ ನಿಲ್ಲುವವಳು. ಮದುವೆಯ ಹಂಗಾಮಿನಲ್ಲಿ ಒಂದು ಬೀಗರ ಪಡೆ ಬಂದು ಗಾದಿಯ ತುಂಬ ಸೀರೆ ಬಿಚ್ಚಿಸಿ, "ಬಣ್ಣ ಮನಸಿಗೆ ಬರವಲ್ದು" ಎಂದು ಎದ್ದು ಹೋದರೆ ತಲೆ ಸಿಡಿಯುತ್ತದೆ, ಕುತ್ತಿಗೆ ಬಿಗಿಯುತ್ತದೆ. ಆ ಸಿಟ್ಟನ್ನೆಲ್ಲ ಮನೆಗೆ ತಂದು ಗಂಡನ ಮೇಲೆ ಸುರಿಯುತ್ತೇನೆ. ಆದರೆ ಹಂಗಾಮು ಮುಗಿದ ಮಾರನೆಯ ದಿನ ಕುಂಭಕರ್ಣನ ತಂಗಿಯ ಹಾಗೆ ಮಲಗುತ್ತೇನೆ. ಹೊರೆ ಇಳಿಸಿದರೆ ಹೆಗಲು ಹಗುರಾಗುತ್ತದೆ, ಅಷ್ಟೆ. ಅತ್ತೆಯ ಹೆಗಲು ಈ ವರ್ಷ ಹಗುರಾಗಲಿಲ್ಲ.

ಏಪ್ರಿಲ್ ಕೊನೆಗೆ ಮಾಲೆಲ್ಲ ಕೋಲ್ಡ್ ಸ್ಟೋರೇಜಿಗೆ ಹೋಗಿ ಶೆಡ್ಡು ಖಾಲಿಯಾಯಿತು. ಪ್ರತಿ ವರ್ಷ ಆಗ ಅವಳು ತವರೂರು ಜೈನಾಪುರಕ್ಕೆ ಹೋಗಿ, ತಮ್ಮನ ಮನೆಯಲ್ಲಿ ಉಂಡು ಮಲಗಿ, ಮೈ ತುಂಬಿಕೊಂಡು ಬರುತ್ತಿದ್ದಳು. ಈ ಸಲ ಹೋದ ಮಾರನೆಯ ದಿನವೇ ತಿರುಗಿ ಬಂದಳು. ಎದೆ ಹಾರುತ್ತದೆ, ಅಂಗೈ ಬೆವರುತ್ತದೆ, ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ. ನನ್ನ ಗಂಡ ಧರ್ಮರಾಜ ಬಸ್ಸಿನ ಕಂಡಕ್ಟರು. ಒಂದು ಸ್ಟಾಪು ಬಿಟ್ಟು ಇನ್ನೊಂದು ಸ್ಟಾಪು ಬರುವುದರೊಳಗೆ ಅವನಿಗೆ ಫೋನು: "ಎಲ್ಲಿದ್ದಿ? ಡ್ರೈವರ ಹೆಂಗ ಹೊಡ್ಯಾಕತ್ತಾನ?" ಬಸ್ಸಿನ ಭಯ ಮುಗಿದರೆ ಗ್ಯಾಸ್ ಸಿಲಿಂಡರಿನದು. ಅದನ್ನು ಮೂಸಿ ನೋಡಿ ಬಂದರೆ ಮಾವನ ಕೆಮ್ಮಿನದು. ಒಂದು ಹೋದರೆ ಇನ್ನೊಂದು ಬಾಗಿಲಲ್ಲೇ ಕಾದು ನಿಂತಿರುತ್ತಿತ್ತು.

ಮಾವ ಸಾಬಣ್ಣ ಗೌಂಡಿ ಕೆಲಸದವನು. ಅವನದು ಒಂದೇ ಔಷಧಿ. "ಖಾಲಿ ಕುಂತ್ರ ಹಂಗ ಆಗತೈತಿ. ಏನರ ಕೆಲಸ ಹಚ್ಚಕೋ." ಗಂಡನದು ಇನ್ನೊಂದು ರಾಗ: "ಅವ್ವಗ ಮೊದಲಿಂದ ಕಾಳಜಿ ಜಾಸ್ತಿ."

ನನಗೆ ರೇಗಿತು. "ಕಾಳಜಿ ಅಂದ್ರ ಉಣ್ಣಾಕರ ಬಿಡಬೇಕಲ್ರಿ. ಹಗಲೂ ರಾತ್ರಿ ಮೈಯಾಗ ಕುಂತು ತಿನ್ನೋದು ಎಂಥಾ ಕಾಳಜಿ?" ಎಂದೆ. "ನಿನಗೇನ ಗೊತ್ತು, ತಾಯಿ ಆದ್ರ ತಿಳಿತೈತಿ" ಎಂದ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಮಡಿಲು ತುಂಬಿಲ್ಲ. ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಎರಡು ದಿನ ಅವನಿಗೆ ಬರೀ ಅನ್ನ ಸಾರು ಬಡಿಸಿದೆ, ಮಾತು ಬಡಿಸಲಿಲ್ಲ.

ಪಕ್ಕದ ಮನೆಯ ಪೀರಾಂಬಿ ಪಾಪ, ದರ್ಗಾಕ್ಕೆ ಹೋಗಿ ದಾರ ತಂದು ಕಟ್ಟಿದಳು. ಮೆಡಿಕಲ್ ಅಂಗಡಿಯವನು ಗ್ಯಾಸಿನ ಔಷಧಿ ಕೊಟ್ಟ. ಕೊನೆಗೆ ವಿಜಯಪುರಕ್ಕೆ ಕರೆದೊಯ್ದು ಇಸಿಜಿ ತೆಗೆಸಿದೆವು. ಹೃದಯ ಗಟ್ಟಿಯಾಗಿದೆ ಎಂದರು. ನಾವೆಲ್ಲ ನಕ್ಕು ಹೊರಗೆ ಬಂದರೆ ಅತ್ತೆ ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಹಂಗಾರ ನನಗೇನಾಗೈತಿ ಬೇ?" ಎಂದು ನನ್ನ ಕೈ ಹಿಡಿದುಕೊಂಡಳು. ಏನಾದರೊಂದು ಹೆಸರಿನ ರೋಗ ಇದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟವಳನ್ನು ನಾನು ನೋಡಿದ್ದು ಅದೇ ಮೊದಲು.

ಇಂಥ ಹೊತ್ತಿನಲ್ಲಿ ಅತ್ತೆಯ ಮಗಳು, ನನ್ನ ನಾದಿನಿ ಆಮ್ರಪಾಲಿ ಹಡೆಯಲು ಬಂದಳು. ಅವಳನ್ನು ಬಬಲೇಶ್ವರದಾಚೆ ಸಾರವಾಡಕ್ಕೆ ಕೊಟ್ಟಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆಯ ಕಟ್ಟು. ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕರೆತಂದೆವು. ಗಟ್ಟಿ ಹುಡುಗಿ ಅವಳು. ತುಂಬಿದ ಹೊಟ್ಟೆ ಹೊತ್ತುಕೊಂಡು ಓಣಿಯ ಹುಡುಗಿಯರೊಂದಿಗೆ ಕೂತು ಹಾಡು ಹೇಳುವಳು, ಹುಣಸೆಕಾಯಿ ಬೇಡುವಳು. ಬರುವಾಗ ಅಷ್ಟು ನಗುತ್ತ ಬಂದವಳು ಒಂದು ತಿಂಗಳೊಳಗೆ ನಗುವುದನ್ನು ಬಿಟ್ಟಳು.

ಹೇಗೆ ನಗುತ್ತಾಳೆ? ಎದ್ದರೆ "ಸಾವಕಾಶ ಏಳ", ಕೂತರೆ "ಹಂಗ ಕುಂಡ್ರಬ್ಯಾಡ". ಹೊಟ್ಟೆಯ ಮೇಲೆ ಕೈಯಿಟ್ಟು, "ಕೂಸು ಹೊಳ್ಳಾಡಾಕತ್ತೈತೇನ? ಮುಂಜಾನಿಂದ ಸುಮ್ಮನಿದ್ದಂಗ ಐತಲ್ಲ?" ಮಧ್ಯಾಹ್ನ ಕಣ್ಣು ಮುಚ್ಚಿದರೆ ಅಲುಗಾಡಿಸಿ ಎಬ್ಬಿಸಿ, ಉಸಿರು ಇದೆಯಲ್ಲ ಎಂದು ನೋಡುವಳು. ಓಣಿಯವರಂತೂ, "ತಾಯಿ ಅಂದ್ರ ಹಿಂಗಿರಬೇಕು" ಎಂದು ಹೊಗಳಿದರು. ನನಗೆ ಮೈ ಉರಿಯಿತು. ಮೊದಮೊದಲು ನಗುತ್ತಿದ್ದ ಆಮ್ರಪಾಲಿ ಈಗ ತಾನೇ ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸತೊಡಗಿದ್ದಳು. ತಪಾಸಣೆಗೆ ಹೋದಾಗ ನರ್ಸಮ್ಮ ಬಿಪಿ ನೋಡಿ ಹುಬ್ಬು ಗಂಟಿಕ್ಕಿದಳು. "ಹೋದ ಸಲ ಚಲೋ ಇತ್ತಲ್ಲ, ಈಗ ಏರೈತಿ. ಮನಿಯಾಗ ಏನರ ತ್ರಾಸು ಐತೇನ?" ಎಂದಳು.

ಇಲ್ಲ ಎಂದು ಆಮ್ರಪಾಲಿ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಹಿತ್ತಲಲ್ಲಿ ನನ್ನೊಬ್ಬಳಿಗೆ ಹೇಳಿದಳು. "ವೈನಿ, ಅವ್ವನ ಅಂಜಿಕಿ ನನಗ ಹತ್ತಾಕತ್ತೈತಿ. ಇಲ್ಲೇ ಇದ್ರ ನನಗ, ಕೂಸಿಗೆ ಏನರ ಆದೀತು."

"ಹಂಗಂದ್ರ ಏನ ಮಾಡೂಣು?" ಎಂದೆ. ಹಡೆಯಲು ಬಂದ ಮಗಳು ಹಡೆಯದೆ ತಿರುಗಿ ಹೋದರೆ ತವರಿನ ಮಾನ ಎಲ್ಲಿ ಉಳಿಯುತ್ತದೆ? ತುತ್ತು ಅನ್ನ ಹಾಕಲಾರದೆ ಕಳಿಸಿದರು ಎಂದು ಎರಡೂ ಊರು ಆಡಿಕೊಳ್ಳುತ್ತವೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಜೂನಿನಲ್ಲಿ ಮುಂದಿನ ತಪಾಸಣೆ ಬಂತು. ವಿಜಯಪುರದ ದೊಡ್ಡ ಡಾಕ್ಟರಿಗೆ ತೋರಿಸಿ ಎಂದಿದ್ದರು. ಅಂಗಡಿಗೆ ರಜೆ ಹಾಕಿ ನಾನೂ ಹೊರಟೆ. ಓಣಿಯ ಜಾವೀದನ ಟಂಟಂ ಗಾಡಿಯಲ್ಲಿ ಅತ್ತೆ, ಆಮ್ರಪಾಲಿ, ನಾನು ಮೂವರೇ. ಊರು ದಾಟಿದೆವೋ ಇಲ್ಲವೋ, ಪಶ್ಚಿಮಕ್ಕೆ ಮುಗಿಲು ಕಪ್ಪಿಟ್ಟಿತು. ಗಾಳಿ ಎದ್ದು ಧೂಳು ಮುಖಕ್ಕೆ ರಾಚಿತು. ಮೊದಲ ಮಳೆ! ಜಾವೀದ ಖುಷಿಯಿಂದ ಸಿಳ್ಳೆ ಹಾಕಿದ. ಹೊಲದಲ್ಲಿದ್ದವರು ಕೈ ಬೀಸಿ ಕೂಗಿದರು. ನಾನು ಪಕ್ಕಕ್ಕೆ ತಿರುಗಿ ನೋಡಿದರೆ ಅತ್ತೆಯ ಮುಖದಲ್ಲಿ ರಕ್ತವಿಲ್ಲ.

"ಗಾಡಿ ನಿಂದ್ರಸೋ! ನಿಂದ್ರಸಂತೇನಿ!"

ಜಾವೀದ ಬ್ರೇಕು ಹಾಕಿದ. ಎದುರಿಗೇ ಸಾವ್ಕಾರರ ಶೆಡ್ಡು. ನಾವು ಏನೆಂದು ಕೇಳುವುದರೊಳಗೆ ಅತ್ತೆ ಧುಮುಕಿ, ಕಾಲುವೆ ಹಾರಿ, ಸೀರೆಯ ನಿರಿಗೆ ಎತ್ತಿ ಹಿಡಿದು ಓಡುತ್ತಿದ್ದಳು. ಮಳೆ ಒಮ್ಮೆಲೇ ಸುರಿಯತೊಡಗಿತು. ಆಮ್ರಪಾಲಿಗೆ ಅಲ್ಲೇ ಕೂತಿರಲು ಹೇಳಿ ನಾನು ಹಿಂದೆ ಓಡಿದೆ. ಹೋಗಿ ನೋಡುತ್ತೇನೆ, ಅವಳು ಒಂದೊಂದೇ ಕಂಬದ ಹಗ್ಗ ಬಿಚ್ಚಿ ತಾಡಪತ್ರಿ ಇಳಿಸುತ್ತಿದ್ದಾಳೆ. ಬಿಗಿದ ಗಂಟನ್ನು ಉಗುರಿನಿಂದ ಕಿತ್ತು ಬೆರಳಲ್ಲಿ ರಕ್ತ ಬಂದಿದೆ. ಒಳಗೆ ಬಲೆಯ ಅಟ್ಟಗಳು ಖಾಲಿ. ನೆಲದ ಮೇಲೆ ಒಂದು ಹಣ್ಣಿಲ್ಲ, ಒಂದು ಕಾಳಿಲ್ಲ.

ನನಗೆ ಅಳು ಬಂತು, ಸಿಟ್ಟೂ ಬಂತು. "ಅತ್ತಿ, ಏನ ಮಾಡಾಕತ್ತೀರಿ? ಒಳಗ ಏನೂ ಇಲ್ರಿ! ಕಣ್ಣ ಬಿಟ್ಟ ನೋಡ್ರಿ!"

"ಗೊತ್ತೈತಿ ನನಗ," ಎಂದಳು. ಹಗ್ಗ ಬಿಡಲಿಲ್ಲ. "ಖಾಲಿ ಐತಂತ ಗೊತ್ತೈತಿ ಯಶೋಧರಾ. ಗೊತ್ತಿದ್ರೂ ಅಂಜಿಕಿ ಬಿಡವಲ್ದು. ನಾ ಏನ ಮಾಡ್ಲಿ, ಹೇಳ ನೀ."

ಹುಚ್ಚಿಯಾಗಿದ್ದರೆ ಒಳಗೆ ದ್ರಾಕ್ಷಿ ಇದೆ ಎನ್ನುತ್ತಿದ್ದಳು. ಅವಳಿಗೆ ಎಲ್ಲವೂ ತಿಳಿದಿತ್ತು. ಭಯಕ್ಕೆ ಮಾತ್ರ ತಿಳಿಯುತ್ತಿರಲಿಲ್ಲ. ಇಷ್ಟು ದಿನ ನಾವು ಅವಳಿಗೆ "ಏನೂ ಆಗಿಲ್ಲ, ಏನೂ ಆಗಂಗಿಲ್ಲ" ಎಂದು ಹೇಳಿ ಹೇಳಿ ದಣಿದದ್ದೆಲ್ಲ ದಂಡ ಎಂದು ಆ ಮಳೆಯಲ್ಲಿ ನಿಂತು ನನಗೆ ಅರ್ಥವಾಯಿತು. ಅವಳ ಕೈ ಹಿಡಿದು ನಿಲ್ಲಿಸುವ ಧೈರ್ಯವೂ ಆಗಲಿಲ್ಲ, ಬಿಡುವ ಮನಸ್ಸೂ ಆಗಲಿಲ್ಲ.

ಅಷ್ಟರಲ್ಲಿ ಹಿಂದೆ ಕೂಗು ಕೇಳಿತು. ಆಮ್ರಪಾಲಿ ಗಾಡಿ ಇಳಿದು ಬಂದಿದ್ದಳು. ಎರೆಮಣ್ಣು ನೆನೆದರೆ ಬೆಣ್ಣೆಯ ಹಾಗೆ ಜಾರುತ್ತದೆ. ಅವಳು ಕಾಲು ಜಾರಿ, ಹೊಟ್ಟೆ ಹಿಡಿದುಕೊಂಡು ಮಂಡಿಯೂರಿ ಬಿದ್ದಳು. ಜಾವೀದ ಓಡಿಬಂದು ಎತ್ತಿದ. ಪುಣ್ಯಕ್ಕೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಶೆಡ್ಡಿನ ಕಂಬ ಹಿಡಿದು ನಿಂತು ಅವಳು ತಾಯಿಯನ್ನೇ ನೋಡಿದಳು.

"ಯವ್ವಾ, ನಾ ಇಲ್ಲಿ ಹಡಿಯಂಗಿಲ್ಲ. ಸಾರವಾಡಕ್ಕ ಹೋಗತೇನಿ."

ಅತ್ತೆಯ ಕೈಯಿಂದ ಹಗ್ಗ ಜಾರಿತು. ಅವಳು ಅಳಲೂ ಇಲ್ಲ. ಇಬ್ಬರ ಪಾಲಿನ ಅಳುವನ್ನೂ ನಾನೇ ಅತ್ತುಬಿಟ್ಟೆ.

ವಿಜಯಪುರದ ಡಾಕ್ಟರು ತಾಯಿ ಮಗು ಇಬ್ಬರೂ ಸುಖವಾಗಿದ್ದಾರೆ, ಆದರೆ ಬಿಪಿ ಇಳಿಯಲೇಬೇಕು, ಮನಸ್ಸಿಗೆ ನೆಮ್ಮದಿ ಇರಲಿ ಎಂದರು. ಮನೆಗೆ ಬಂದು ವಿಷಯ ತಿಳಿದೊಡನೆ ಮಾವ ಎಗರಾಡಿದ. "ನಮ್ಮ ಮನೆತನದಾಗ ಹಡಿಯಾಕ ಬಂದಾಕಿ ಹೊಳ್ಳಿ ಹೋಗಿದ್ದಿಲ್ಲ! ಮಂದಿಗೆ ಏನ ಹೇಳ್ಲಿ?" ನನ್ನ ಗಂಡ ತಲೆ ತಗ್ಗಿಸಿ ಕೂತ. ಶೆಡ್ಡಿನಲ್ಲಿ ಕಂಡದ್ದನ್ನು ನಾನು ಒಂದು ಮಾತೂ ಬಿಡದೆ ಹೇಳಿದೆ. ಅವನು ಎದ್ದು ತಾಯಿಯ ಬೆರಳಿಗೆ ಸುತ್ತಿದ ಬಟ್ಟೆಯನ್ನು ಮುಟ್ಟಿ ನೋಡಿದ. "ಕಾಳಜಿ" ಎಂಬ ಮಾತು ಆಮೇಲೆ ಅವನ ಬಾಯಿಂದ ಬರಲಿಲ್ಲ.

ತಿಕೋಟಾದ ಆಸ್ಪತ್ರೆಗೆ ಆಗಾಗ ಮನಸ್ಸಿನ ಡಾಕ್ಟರು ಬರುತ್ತಾರೆಂದು ಕೇಳಿದ್ದೆ. ಬರುವ ದಿನ ವಿಚಾರಿಸಿ ಅತ್ತೆಯನ್ನು ಕರೆದೊಯ್ದೆ. ಹುಚ್ಚರ ಡಾಕ್ಟರು ಎಂದು ಓಣಿ ನಗುತ್ತದೆಂದು ಮಾವ ಬೇಡವೆಂದ. "ನಗೂವ್ರು ನಕ್ಕೊಳ್ಳಿ, ಅವರೇನ ಅತ್ತಿ ಜೋಡಿ ರಾತ್ರಿ ಎದ್ದ ಕುಂಡ್ರತಾರೇನು?" ಎಂದೆ. ಡಾಕ್ಟರು ಅನುರಾಧಾ ಅಂತ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಅತ್ತೆ ಹೇಳಿದ್ದನ್ನೆಲ್ಲ ಅವಸರವಿಲ್ಲದೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ.

"ದ್ರಾಕ್ಷಿ ಇದ್ದಾಗ ಮಳಿಗೆ ಅಂಜಿದ್ರಿ, ಸರಿ. ಆ ಅಂಜಿಕಿ ಮಾಲು ಉಳಿಸೇತಿ. ಈಗ ಮಳಿ ಬಿಟ್ಟ ಮ್ಯಾಲರ ಹೋಗತೈತೇನ್ರಿ?"

"ಇಲ್ರಿ ಯವ್ವಾ. ಮಳಿ ಬಿಟ್ರ ಅದು ಮತ್ತೊಂದು ಹುಡಕತೈತಿ."

"ಹಂಗಾರ ಇದು ಮಳಿ ಅಂಜಿಕಿ ಅಲ್ರಿ. ಇದು ಬ್ಯಾನಿ. ಜ್ವರಾ ಬಂದಂಗ ಇದೂ ಬರತೈತಿ, ಔಷಧಕ್ಕ ಇಳಿತೈತಿ. ನಿಮ್ಮ ತಪ್ಪೇನೂ ಇಲ್ಲ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಹುಡುಗಿಯ ಕಾಲು ಮುಟ್ಟುವುದೊಂದು ಬಾಕಿ. ಆದರೆ ಗುಳಿಗೆ ಮೈಗೆ ಹತ್ತಲು ಕೆಲವು ವಾರ ಬೇಕು, ಬಂದು ಮಾತಾಡುತ್ತಲೂ ಇರಬೇಕು ಎಂದಳು ಡಾಕ್ಟರು. ಹೊಟ್ಟೆಯಲ್ಲಿರುವ ಕೂಸು ಅಷ್ಟು ವಾರ ಕಾಯುವುದಿಲ್ಲವಲ್ಲ.

ಮನೆಗೆ ಬಂದವಳೇ ಅತ್ತೆ ಆಮ್ರಪಾಲಿಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದಳು. ಮಾವ ಅಡ್ಡ ಬಂದ. ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಮಾನ ನಂದು, ಮಗಳೂ ನಂದು. ನನ್ನ ಬ್ಯಾನಿ ಆಕಿಗೆ ಹತ್ತೋದು ನನಗ ಬ್ಯಾಡ. ದಾರಿ ಬಿಡ್ರಿ."

ಬೀಗತಿಗೆ ಫೋನು ಮಾಡಿದೆವು. ಆ ತಾಯಿ ದೊಡ್ಡ ಮನಸ್ಸಿನವಳು, "ಕಳಸ್ರಿ, ನಮ್ಮ ಕೂಸಲ್ಲೇನ ಅದು" ಎಂದಳು. ಹೊರಡುವ ದಿನ ಅತ್ತೆ ಮಗಳ ಉಡಿ ತುಂಬಿದಳು. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಆಮ್ರಪಾಲಿ ತಾಯಿಯನ್ನು ತಬ್ಬಿಕೊಂಡು, "ನನ್ನ ಮ್ಯಾಲ ಸಿಟ್ಟಾಗಬ್ಯಾಡ ಬೇ" ಎಂದು ಅತ್ತಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ. ಒಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು. "ಯಾಕ ಸಾವಂತ್ರವ್ವ, ಹಡಿಯಾಕ ಬಂದಾಕೀನ ಹೊಳ್ಳಿ ಕಳಸಾಕತ್ತೀಯಲ್ಲ?"

"ನನಗ ಆರಾಮಿಲ್ಲ," ಎಂದಳು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. ಮತ್ತೆ ನನ್ನ ಕಡೆ ತಿರುಗಿದಳು. "ಬಾಣಂತನ ತವರಿನ ಕೈಲೇ ಆಗಬೇಕು. ನೀ ಹೋಗ ಯವ್ವಾ. ನೀನ ಆಕಿಗೆ ತವರು."

ಹಡೆಯದವಳ ಕೈಗೆ ಬಾಣಂತನ ಒಪ್ಪಿಸುವವರು ನಮ್ಮಲ್ಲಿ ಯಾರಿದ್ದಾರೆ? ಅಂಗಡಿಯ ಕೆಲಸ ಹೋದರೆ ಹೋಗಲಿ ಎಂದು ಸಾರವಾಡಕ್ಕೆ ಹೋದೆ. ಮುಂದಿನ ತಿಂಗಳು ಆಮ್ರಪಾಲಿ ಸುಸೂತ್ರವಾಗಿ ಹೆಣ್ಣು ಹಡೆದಳು. ಬಿಸಿನೀರು ಎರೆದೆ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿದೆ, ಧೂಪ ಹಾಕಿದೆ. ಅದರ ಎಳೆಯ ಮೈ ಮುಟ್ಟಿದಾಗಲೆಲ್ಲ ನನಗೆ ಸಂಕಟವೂ ಆಗುತ್ತಿತ್ತು, ಸುಖವೂ ಆಗುತ್ತಿತ್ತು. ಅತ್ತೆ ಬರಲಿಲ್ಲ. ಫೋನಿನಲ್ಲಿ ಕೂಸಿನ ದನಿ ಕೇಳಿ, ಸಾಕು ಇಡು ಎನ್ನುತ್ತಿದ್ದಳು. ಗುಳಿಗೆಯಿಂದ ಮೊದಮೊದಲು ತಲೆ ತಿರುಗಿತು, ಒಮ್ಮೆ ಬೇಡವೆಂದು ಬಿಟ್ಟಳು, ಮತ್ತೆ ಮಗ ಕರೆದೊಯ್ದ. ಇವತ್ತು ಒಳ್ಳೆಯದಿದ್ದರೆ ನಾಳೆ ಮತ್ತೆ ಅದೇ.

ಶ್ರಾವಣ ಕಳೆದ ಮೇಲೆ ಒಂದು ಮುಂಜಾನೆ ಅತ್ತೆ ಮಗನ ಜೊತೆ ಬಸ್ಸಿನಲ್ಲಿ ಬಂದಿಳಿದಳು. ಸೊರಗಿದ್ದಳು. ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತು, ಮಡಿಲು ಚಾಚಿದಳು. ನಾನು ಕೂಸನ್ನು ಇಟ್ಟೆ. ಆಮ್ರಪಾಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಎಲ್ಲ ಚೆನ್ನಾಗಿತ್ತು. ಅಷ್ಟರಲ್ಲಿ ಕೂಸಿಗೆ ಬಿಕ್ಕಳಿಕೆ ಹತ್ತಿತು. ಅತ್ತೆಯ ಹಣೆಯಲ್ಲಿ ಬೆವರು ಒಡೆಯಿತು, ತುಟಿ ಬೆಳ್ಳಗಾಯಿತು. ಇನ್ನೇನು ಚೀರುತ್ತಾಳೆ ಎಂದು ನಾನು ಮುಂದೆ ಬಗ್ಗಿದೆ.

ಅವಳು ಚೀರಲಿಲ್ಲ. ಕೂಸನ್ನು ಮೆಲ್ಲನೆ ಎತ್ತಿ ನನ್ನ ಕೈಗೆ ಕೊಟ್ಟಳು.

"ಕೂಸಿಗೆ ಏನೂ ಆಗಿಲ್ಲ," ಎಂದಳು, ಹಲ್ಲು ಕಚ್ಚಿಕೊಂಡು. "ನನಗ ಬಂದೈತಿ. ಸ್ವಲ್ಪ ತಡಿ."

ಕಣ್ಣು ಮುಚ್ಚಿ ಕೂತಳು. ಎದೆ ಏರಿ ಇಳಿಯುವುದು ಕಾಣುತ್ತಿತ್ತು. ಕೂಸಿನ ಬಿಕ್ಕಳಿಕೆ ಯಾವಾಗಲೋ ನಿಂತಿತ್ತು, ಅವಳದು ಇನ್ನೂ ನಿಂತಿರಲಿಲ್ಲ. ನಾವು ಯಾರೂ "ಏನಾಗಂಗಿಲ್ಲ" ಎನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಣ್ಣು ಬಿಟ್ಟಳು.

"ಪೂರಾ ಹೋಗಿಲ್ಲ," ಎಂದಳು. "ಇರಲಿ. ಕೂಸಿನ್ನ ಕೊಡ."

ನಾನು ಕೊಟ್ಟೆ.